ಕಾಮಿನೋಸಾವಾದ ಮೂವತ್ತರ ಓಟಗಾರ್ತಿ

ಗ್ಲೆಂಡಾ ಮಗ್ಬಾನುವಾಗೆ ನಲವತ್ತು ತುಂಬುವುದಕ್ಕೆ ಇನ್ನು ಐದೇ ವಾರ ಉಳಿದಿತ್ತು. ನಲವತ್ತು ಎಂದರೆ ಕೆಲವರಿಗೆ ಬಿಳಿಕೂದಲಿನ ಚಿಂತೆ, ಕೆಲವರಿಗೆ ಮಂಡಿನೋವಿನ ಚಿಂತೆ. ಇವಳಿಗೆ ಮಾತ್ರ ರಿಲೇ ಓಟದ ಚಿಂತೆ. ಸೆಪ್ಟೆಂಬರ್ ಕೊನೆಯ ಭಾನುವಾರ ಜಪಾನಿನ ತೊಚಿಕುರಾ ಎಂಬ ಬೆಟ್ಟದೂರಿನ ಶಾಲೆಯ ಬಯಲಿನಲ್ಲಿ ಕ್ರೀಡಾಕೂಟ. ಅದಾದ ಆರನೆಯ ದಿನಕ್ಕೆ ಅವಳ ಹುಟ್ಟುಹಬ್ಬ. ಓಡಿದರೆ ಈ ವರ್ಷವೇ ಮೂವತ್ತರ ಜಾಗದಲ್ಲಿ ಓಡಬೇಕು. ಮುಂದಿನ ವರ್ಷ ಆ ಜಾಗಕ್ಕೆ ಅವಳು ಮುದುಕಿ.

ತೊಚಿಕುರಾದಲ್ಲಿ ಶಾಲೆಯ ಕ್ರೀಡಾಕೂಟ ಎಂದರೆ ಮಕ್ಕಳದ್ದಷ್ಟೇ ಅಲ್ಲ, ಇಡೀ ಊರಿನದು. ಶಾಲೆಯಲ್ಲಿರುವುದೇ ಮೂವತ್ತೊಂದು ಮಕ್ಕಳು. ಅವರನ್ನೇ ನಂಬಿಕೊಂಡರೆ ಹತ್ತು ಗಂಟೆಗೆಲ್ಲ ಆಟ ಮುಗಿದು ಎಲ್ಲರೂ ಮನೆಗೆ ಹೋಗಬೇಕಾದೀತು. ಆದ್ದರಿಂದ ನಾಲ್ಕು ಕೇರಿಯವರು ನಾಲ್ಕು ಶಾಮಿಯಾನ ಹಾಕಿಕೊಂಡು ಅಜ್ಜ ಅಜ್ಜಿಯರ ಸಮೇತ ಕಣಕ್ಕಿಳಿಯುತ್ತಾರೆ. ದಿನದ ಕೊನೆಗೆ ವಯಸ್ಸಿನ ರಿಲೇ. ಪ್ರತಿ ಕೇರಿಯಿಂದ ಏಳು ಜನ: ಪ್ರಾಥಮಿಕ ಶಾಲೆಯ ಒಂದು ಮಗು, ಮಿಡ್ಲ್‌ಸ್ಕೂಲಿನ ಒಂದು ಮಗು, ಆಮೇಲೆ ಇಪ್ಪತ್ತರವರು, ಮೂವತ್ತರವರು, ನಲವತ್ತರವರು, ಐವತ್ತರವರು, ಕೊನೆಗೆ ಅರವತ್ತು ದಾಟಿದವರು. ಒಂದು ಜಾಗ ಖಾಲಿಯಿದ್ದರೂ ಆ ಕೇರಿ ಓಡುವಂತಿಲ್ಲ. ಹೊರಗಿನವರನ್ನು ತರುವಂತೆಯೂ ಇಲ್ಲ. ಒಮ್ಮೆ ಹಾಶಿಬಾ ಕೇರಿಯವರು ಸೆಂಡಾಯಿ ನಗರದಿಂದ ಯಾರದೋ ಅಳಿಯನನ್ನು ಕರೆತಂದು ಓಡಿಸಿದ್ದರು. ಆ ಜಗಳ ತಣ್ಣಗಾಗಲು ಮೂರು ಚಳಿಗಾಲ ಬೇಕಾಯಿತು.

ಕಾಮಿನೋಸಾವಾ ಕೇರಿಯಲ್ಲಿ ಹದಿನಾಲ್ಕು ಮನೆ. ಅಷ್ಟೂ ಮನೆಗಳಲ್ಲಿ ಹುಡುಕಿದರೂ ಮೂವತ್ತು ದಾಟಿ ನಲವತ್ತು ಮುಟ್ಟದ ಒಂದು ನರಪಿಳ್ಳೆ ಇರಲಿಲ್ಲ. ಒಂಬತ್ತು ವರ್ಷದಿಂದ ರಿಲೇಯ ಕರೆ ಬಂದ ಕೂಡಲೇ ಕಾಮಿನೋಸಾವಾದವರು ತಲೆ ತಗ್ಗಿಸಿ ಚಾಪೆ ಮಡಚಲು ಶುರುಮಾಡುತ್ತಿದ್ದರು. ಬಯಲಿಗೆ ಬಯಲೇ ಕೂಗುತ್ತಿರುವಾಗ ಆ ಒಂದು ಶಾಮಿಯಾನದಲ್ಲಿ ಚಾಪೆ ಕೊಡವುವ ಸದ್ದು. ಗ್ಲೆಂಡಾ ಅದನ್ನು ಏಳು ವರ್ಷ ಟೀಚರುಗಳ ಶಾಮಿಯಾನದಲ್ಲಿ ಕೂತು ನೋಡಿದ್ದಳು.

ಅವಳು ಫಿಲಿಪೀನ್ಸಿನ ಆಂಟೀಕೆ ಪ್ರಾಂತ್ಯದ ಕಡಲಂಚಿನವಳು. ಅಪ್ಪ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ, ಅಮ್ಮ ಮೀನು ಒಣಗಿಸಿ ಮಾರುತ್ತಿದ್ದಳು. ಹುಡುಗಿ ಬರಿಗಾಲಲ್ಲಿ ಮರಳ ಮೇಲೆ ಓಡಿ ಓಡಿ, ಹೈಸ್ಕೂಲಿನಲ್ಲಿ ನೂರು ಮೀಟರ್ ಓಟಕ್ಕೆ ಪ್ರಾಂತ್ಯ ಮಟ್ಟದ ತನಕ ಹೋಗಿ ನಾಲ್ಕನೆಯವಳಾಗಿ ಬಂದಳು. ಮನೆಯವರು ಇವತ್ತಿಗೂ ಆ ನಾಲ್ಕನ್ನು ಒಂದು ಎನ್ನುವ ದನಿಯಲ್ಲೇ ಹೇಳಿಕೊಳ್ಳುತ್ತಾರೆ. ಊರಲ್ಲಿ ಎಂಟು ವರ್ಷ ಪಾಠ ಹೇಳಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಯಾಮಾಗಾತಾ ಪ್ರಾಂತ್ಯದ ಈ ಬೆಟ್ಟದ ಸಂದಿಗೆ ಇಂಗ್ಲಿಷ್ ಕಲಿಸಲು ಬಂದಳು. ಮಕ್ಕಳೂ ದೊಡ್ಡವರೂ ಅವಳನ್ನು ಸೆನ್ಸೇ, ಅಂದರೆ ಟೀಚರೇ, ಎಂದೇ ಕರೆಯುತ್ತಾರೆ. ಕೆಲಸ ಮಾತ್ರ ವರ್ಷದ ಕರಾರಿನ ಮೇಲೆ. ಪ್ರತಿ ಜನವರಿಯಲ್ಲಿ ಹೊಸ ಹಾಳೆ ಕೈಗೆ ಬರುವ ತನಕ ಅವಳು ಒಂದು ಬಾಣಲೆಯನ್ನೂ ಕೊಳ್ಳುತ್ತಿರಲಿಲ್ಲ.

ಈ ಮಾರ್ಚಿನಲ್ಲಿ ಟೀಚರುಗಳ ಹಳೆಯ ವಸತಿಗೃಹವನ್ನು ಕೆಡವಿದ್ದರಿಂದ ಗ್ಲೆಂಡಾ ಕಾಮಿನೋಸಾವಾದಲ್ಲಿ ಖಾಲಿ ಬಿದ್ದಿದ್ದ ಮನೆಯೊಂದನ್ನು ಬಾಡಿಗೆಗೆ ಹಿಡಿದಳು. ಹದಿನಾಲ್ಕು ಮನೆ ಹದಿನೈದಾಯಿತು. ಅವಳ ವಯಸ್ಸು ಎಷ್ಟು ಎಂಬುದು ಸಾಮಾನು ಇಳಿಸಿದ ದಿನವೇ ಕೇರಿಗೆಲ್ಲ ಗೊತ್ತಾಗಿತ್ತು. ಬಾಯಿಬಿಟ್ಟು ಮಾತ್ರ ಯಾರೂ ಏನೂ ಅನ್ನಲಿಲ್ಲ. ಬಾಗಿಲ ಮುಂದೆ ತರಕಾರಿ ತಂದಿಡುತ್ತಿದ್ದರು, ನಗುತ್ತಿದ್ದರು, ಬಗ್ಗಿ ನಮಸ್ಕರಿಸುತ್ತಿದ್ದರು. ಅತಿಥಿಗೆ ಮಾಡಬೇಕಾದ ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆಯಿಲ್ಲ. ಅವಳಿಗೋ ಏಳು ವರ್ಷ ಅತಿಥಿಯಾಗಿದ್ದು ಸಾಕು ಸಾಕಾಗಿಹೋಗಿತ್ತು. ಒಂದೇ ಒಂದು ಸಲ ಕೇರಿಯ ಹೆಸರಿನಲ್ಲಿ ಓಡಬೇಕು ಎಂಬ ಆಸೆ ಹತ್ತಿತು. ಹತ್ತಿದ್ದು ಬಿಡಲಿಲ್ಲ.

ಆಗಸ್ಟ್ ಕೊನೆಯ ಮಂಗಳವಾರ ಸಂಜೆ ಕೇರಿಯ ಮುಖಂಡರಾದ ಕುಮಾಗಾಯ್ ತೊಕುಜಿ ಬಂದರು. ಎಪ್ಪತ್ತೆರಡು ವರ್ಷ, ಕಾಡಿನ ಸೊಸೈಟಿಯಲ್ಲಿ ನಲವತ್ತು ವರ್ಷ ದುಡಿದ ಮನುಷ್ಯ, ಬೆನ್ನು ಇನ್ನೂ ನೆಟ್ಟಗೆ. ಕೈಯಲ್ಲಿ ಒಂದು ಚೀಲ ಹಸಿ ಸೋಯಾ ಕಾಯಿ. ಒಳಗೆ ಬನ್ನಿ ಎಂದರೆ ಬರಲೊಲ್ಲರು, ಬಾಗಿಲೊಳಗಿನ ಮೆಟ್ಟಿಲ ತುದಿಯಲ್ಲೇ ಕೂತರು.

"ಬಿಸಿಲು ಇನ್ನೂ ಇಳಿದಿಲ್ಲ ನೋಡಿ, ಸೆನ್ಸೇ."

"ಇಳಿದೇ ಇಲ್ಲ."

"ಈ ಸಲ ಸೌತೆಕಾಯಿ ಎಲ್ಲಾ ಸೊಟ್ಟಗೆ ಬಂದ್ಬಿಟ್ಟಿವೆ."

"ಅಯ್ಯೋ ಪಾಪ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ತೊಕುಜಿಯವರನ್ನು ಮೀರಿಸುವವರು ಆ ಕಣಿವೆಯಲ್ಲೇ ಇಲ್ಲ. ಸೌತೆಕಾಯಿಯಿಂದ ಮಳೆಗೆ, ಮಳೆಯಿಂದ ಕಾಡುಹಂದಿಗೆ, ಹಂದಿಯಿಂದ ಶಾಲೆಯ ಬಯಲಿಗೆ ಬರಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬಯಲು ಎಂಬ ಮಾತು ಕಿವಿಗೆ ಬಿದ್ದದ್ದೇ ಗ್ಲೆಂಡಾ ಒಂದು ಗೇಣು ಮುಂದೆ ಸರಿದು ಕೂತಳು.

"ಆವತ್ತು ನಿಮಗೆ ಶಾಲೆ ಕೆಲಸವೇ ಬೆಟ್ಟದಷ್ಟಿರತ್ತೆ. ಇಂಥದ್ದೆಲ್ಲಾ ಕೇಳೋದೇ ತಪ್ಪು. ಆದ್ರೂ... ಆ ರಿಲೇ ಇದೆಯಲ್ಲ, ಮೂವತ್ತರ ಜಾಗ... ನೀವೇನಾದ್ರೂ ಓಡಿಕೊಡ್ತೀರೇನೋ ಅಂತ."

ಬಂತು! ಎದ್ದು ಕುಣಿಯಬೇಕು ಅನಿಸಿತು ಅವಳಿಗೆ. ಹೂಂ ಎಂಬ ಒಂದಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೂಂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ತಿಳಿಯಬೇಕಾದರೆ ಅವಳ ಮೊದಲ ವರ್ಷದ ಫಜೀತಿಗಳನ್ನು ಹೇಳಬೇಕು.

ಬಂದ ಹೊಸದರಲ್ಲಿ ಯಾರು ಏನೆಂದರೂ ಅವಳು ಹಾಗೇ ನಂಬುತ್ತಿದ್ದಳು. "ಯಾವಾಗ್ಲಾದ್ರೂ ನಮ್ಮನೆಗೆ ಬನ್ನಿ" ಎಂದು ಕಚೇರಿಯ ಗುಮಾಸ್ತೆಯೊಬ್ಬಳು ಬಾಯಿಮಾತಿಗೆ ಅಂದಳು. ಇವಳು ಮರುದಿನ ಬೆಳಿಗ್ಗೆ ಎಂಟೂವರೆಗೆ ಕೇಕು ಹಿಡಿದು ಬಾಗಿಲಲ್ಲಿ ನಿಂತಳು. ಆ ಹೆಂಗಸು ತಲೆಗೆ ಬಣ್ಣ ಬಳಿದುಕೊಂಡು ಕೂತಿದ್ದಳು. ಟೀಚರುಗಳ ಊಟದಲ್ಲಿ ತಟ್ಟೆಯ ಕೊನೆಯ ಹೋಳನ್ನು ತಗೊಳ್ಳಿ ಎಂದದ್ದೇ ತಡ, ಎತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಪಕ್ಕದ ಟೀಚರು ಮೆಲ್ಲಗೆ ಹೇಳಿಕೊಟ್ಟರು: ಮೊದಲ ಸಲ ಬೇಡ ಅನ್ನಬೇಕು, ಎರಡನೆಯ ಸಲವೂ ಬೇಡ ಅನ್ನಬೇಕು, ಮೂರನೆಯ ಸಲ ಕೇಳಿದಾಗ ನಾಚಿಕೊಂಡು ಹೂಂ ಅನ್ನಬೇಕು. ಗ್ಲೆಂಡಾ ಇದನ್ನು ಮಗ್ಗಿ ಉರುಹೊಡೆದಂತೆ ಕಲಿತಳು. ಈಗ ಅವಳಷ್ಟು ಸೊಗಸಾಗಿ ಎರಡು ಸಲ ಬೇಡ ಅನ್ನುವವರು ಅಲ್ಲೇ ಹುಟ್ಟಿ ಬೆಳೆದವರಲ್ಲೂ ಕಡಿಮೆ.

"ಅಯ್ಯಯ್ಯೋ, ನನ್ನಂಥವಳನ್ನಾ? ನಿಮಗೆಲ್ಲಾ ತೊಂದ್ರೆ ಕೊಟ್ಟ ಹಾಗಾಗತ್ತೆ," ಎಂದಳು ಗ್ಲೆಂಡಾ. ಇದು ಮೊದಲನೆಯದು.

"ತೊಂದ್ರೆ ಏನಿಲ್ಲ... ಅರ್ಧ ಸುತ್ತು ಅಷ್ಟೆ."

"ಕಾಲು ನೋಡಿ, ಮೂಲಂಗಿ ಆಗಿವೆ. ಕೇರಿ ಮರ್ಯಾದೆ ಕಳೀತೀನಿ. ದಯವಿಟ್ಟು ಬೇಡ." ಇದು ಎರಡನೆಯದು.

ಎರಡೂ ಮುಗಿಸಿ, ತಲೆ ಸ್ವಲ್ಪ ತಗ್ಗಿಸಿ, ನಾಚಿಕೊಳ್ಳಲು ಕೆನ್ನೆ ಸಿದ್ಧಮಾಡಿಕೊಂಡು ಕೂತಳು. ತೊಕುಜಿಯವರು ಟೋಪಿಯನ್ನು ಒಮ್ಮೆ ತಿರುಗಿಸಿದರು. ಎದ್ದರು.

"ಹೌದಾ. ಅರ್ಥ ಆಯ್ತು, ಸೆನ್ಸೇ. ನಾನು ಕೇಳ್ದೆ ಅನ್ನೋದನ್ನೇ ಮರ್ತುಬಿಡಿ."

ಬಗ್ಗಿ ನಮಸ್ಕರಿಸಿ ಹೊರಟೇಬಿಟ್ಟರು. ಗ್ಲೆಂಡಾ ಸೋಯಾ ಚೀಲ ಹಿಡಿದು, ಬಿಟ್ಟ ಬಾಯಿ ಬಿಟ್ಟಂತೆ ನಿಂತಳು. ಅವರ ಬಿಳಿ ಮಿನಿ ಟ್ರಕ್ಕು ಸ್ಟಾರ್ಟಾಗಿ, ತಿರುವಿನಲ್ಲಿ ಮರೆಯಾಗಿ, ಸದ್ದೂ ನಿಂತ ಮೇಲೆ ಅವಳಿಗೆ ಆದದ್ದೇನು ಎಂದು ತಿಳಿಯಿತು. ಮೂರನೆಯ ಸಲ ಕೇಳಲೇ ಇಲ್ಲ!

ಗುರುವಾರ ಶಾಲೆಗೆ ಕೇರಿಗಳ ಪಟ್ಟಿಗಳು ಬಂದವು. ಕಾರ್ಯಕ್ರಮದ ಹಾಳೆ ಟೈಪ್ ಮಾಡುವ ಕೆಲಸ ಗ್ಲೆಂಡಾಳದೇ. ಕಂಪ್ಯೂಟರು ಚೆನ್ನಾಗಿ ಬರುತ್ತದೆ ಎಂದು ಒಮ್ಮೆ ತೋರಿಸಿಕೊಂಡ ತಪ್ಪಿಗೆ ಅದು ಅವಳ ತಲೆಗೆ ಬಂದಿತ್ತು. ಕಾಮಿನೋಸಾವಾದ ಪಟ್ಟಿಯಲ್ಲಿ ಹಗ್ಗಜಗ್ಗಾಟ, ಚೆಂಡು ಎಸೆತ ಎಲ್ಲ ತುಂಬಿತ್ತು. ರಿಲೇಯ ಸಾಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಹಾಶಿಬಾ, ಇವಾದಾತೆ, ಶಿಮೋನೋಸಾವಾ ಎಂದು ಮೂರು ಕೇರಿಯ ಹೆಸರು ಟೈಪ್ ಹೊಡೆದು ಅವಳ ಬೆರಳು ನಿಂತಿತು. ನಾಲ್ಕನೆಯದನ್ನು ಹೊಡೆದು, ತನ್ನ ಹೆಸರನ್ನೂ ಕೆಳಗೆ ಸೇರಿಸಿದರೆ ಕೇಳುವವರು ಯಾರು? ಸೇರಿಸಿದಳು. ಒಂದು ನಿಮಿಷ ನೋಡಿದಳು. ಚೆನ್ನಾಗಿಯೇ ಕಾಣುತ್ತಿತ್ತು. ಕಳ್ಳತನ ಕಳ್ಳತನವೇ ಎಂದು ಅಳಿಸಿದಳು.

ಶನಿವಾರ ಪಕ್ಕದ ಮನೆಯ ಮಿತ್ಸುಯೋ ಅಜ್ಜಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡಳು. ಅಜ್ಜಿಗೆ ಎಂಬತ್ತೊಂದು, ಹಲ್ಲು ಅರ್ಧ ಹೋಗಿದ್ದರೂ ನಾಲಿಗೆ ಪೂರ್ತಿ ಇತ್ತು.

"ಎರಡು ಸಲ ಬೇಡ ಅಂದ್ಯಾ?"

"ಅಂದೆ."

"ಮೂರನೇ ಸಲ ಕೇಳ್ತಾನೆ ಅಂತ ಕಾಯ್ತಾ ಕೂತ್ಯಾ?"

"ಮತ್ತಿನ್ನೇನು ಮಾಡ್ಬೇಕಿತ್ತು ಅಜ್ಜಿ?"

ಅಜ್ಜಿ ಸೋಯಾ ಬಿಡಿಸುವುದನ್ನು ಬಿಟ್ಟು, ತೊಡೆ ತಟ್ಟಿಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

"ಅಯ್ಯೋ ನನ್ ತಾಯಿ! ಆ ಮಂಕು ತೊಕುಜಿ ಮನೇಲಿ ಫೋನಿನ ಪಕ್ಕ ಒಂದು ಹಾಳೆ ಅಂಟಿಸ್ಕೊಂಡವ್ನಂತೆ, ಅವ್ನ ಹೆಂಡ್ತಿನೇ ಹೇಳಿದ್ಲು. ನೀನು ಕೇರಿಗೆ ಬತ್ತೀಯ ಅಂತ ಗೊತ್ತಾದ ಕೂಡ್ಲೇ ಪಟ್ಟಣದ ಕಚೇರಿಗೆ ಹೋಗಿ ಈಸ್ಕೊಂಡು ಬಂದಿದ್ದು. ಅದ್ರಲ್ಲಿ ಬರ್ದದೆ: ವಿದೇಶದವರು ಹೌದು ಅಂದ್ರೆ ಹೌದು, ಬೇಡ ಅಂದ್ರೆ ಬೇಡ. ಬೇಡ ಅಂದೋರನ್ನ ಮತ್ತೆ ಮತ್ತೆ ಕೇಳಿ ಪೀಡಿಸ್ಬೇಡಿ. ಅವ್ನು ಅದನ್ನ ಬಾಯಿಪಾಠ ಮಾಡವ್ನೆ!"

ಗ್ಲೆಂಡಾ ತಲೆಯ ಮೇಲೆ ಕೈಹೊತ್ತು ಕೂತಳು. ಇವಳು ಅವರ ಪಾಠ ಕಲಿತಿದ್ದಳು, ಅವರು ಇವಳ ಪಾಠ ಕಲಿತಿದ್ದರು. ಇಬ್ಬರೂ ಶ್ರದ್ಧೆಯ ವಿದ್ಯಾರ್ಥಿಗಳು. ಗ್ರಹಚಾರ ಅಂದರೆ ಅದೇ.

"ನೀವೇ ಒಂದು ಮಾತು ಹೇಳ್ಬಿಡಿ ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅವ್ನಿಗೂ ನಂಗೂ ಮಾತಿಲ್ಲ. ಹನ್ನೊಂದು ವರ್ಷ ಆಯ್ತು. ಹೇಳ್ದೆ ಕೇಳ್ದೆ ನನ್ ಪ್ಲಮ್ ಮರದ ಕೊಂಬೆ ಕಡ್ದ, ಕರೆಂಟಿನ ತಂತಿಗೆ ತಾಗ್ತದೆ ಅಂತ. ನಾಳೆ ಕಾಲುವೆ ಹುಲ್ಲು ಕೊಯ್ಯೋಕೆ ಎಲ್ಲಾ ಬತ್ತಾರಲ್ಲ, ಅಲ್ಲೇ ನೇರವಾಗಿ ಹೇಳು."

"ನಾನೇ ಹೋಗಿ ನನ್ನನ್ನ ತಗೊಳ್ಳಿ ಅನ್ನೋದಾ? ಥೂ, ಎಂಥಾ ನಾಚಿಕೆಗೇಡು!"

"ಅಬ್ಬಬ್ಬಾ," ಎಂದಳು ಅಜ್ಜಿ, "ಈ ಕೆಟ್ಟ ಸಂಕೋಚದಲ್ಲಿ ನೀನು ನಮ್ಗಿಂತ ಒಂದ್ ಕೈ ಮೇಲಾಗ್ಬುಟ್ಟೆ ಕಣಮ್ಮ."

ಭಾನುವಾರ ಬೆಳಿಗ್ಗೆ ಆರಕ್ಕೆ ಹದಿನೈದು ಮನೆಯವರೂ ಕಾಲುವೆಯ ಏರಿಯ ಮೇಲೆ ಸೇರಿದರು. ಗಂಡಸರ ಹೆಗಲಲ್ಲಿ ಹುಲ್ಲು ಕತ್ತರಿಸುವ ಮಷೀನು, ಹೆಂಗಸರ ಕೈಯಲ್ಲಿ ಕುಡುಗೋಲು, ಮಕ್ಕಳಿಗೆ ಹುಲ್ಲು ಗೋರುವ ಕೈಕುಂಟೆ. ಎಂಟಕ್ಕೆ ಚಹಾ. ಎಲ್ಲರೂ ಏರಿಯ ಮೇಲೆ ಸಾಲಾಗಿ ಕೂತಾಗ ತೊಕುಜಿಯವರು ಗಂಟಲು ಸರಿಮಾಡಿಕೊಂಡರು.

"ಇನ್ನೊಂದು ವಿಷಯ. ರಿಲೇಗೆ ಈ ಸಲಾನೂ ಇಲ್ಲ ಅಂತ ಬರೆದು ಕೊಟ್ಟಿದೀನಿ. ಆ ಹೊತ್ತಿಗೆ ಚಾಪೆ ಗೀಪೆ ಮಡಚಿಟ್ರೆ ಬೇಗ ಹೊರಡಬಹುದು."

ಎಲ್ಲರೂ ತಲೆಯಾಡಿಸಿದರು. ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಶಿಯೋರಿ, ಇಪ್ಪತ್ತೊಂಬತ್ತರ ಹುಡುಗಿ, ಚಹಾದ ಲೋಟದೊಳಗೆ ನೋಡುತ್ತ ಕೂತಳು. ಐದನೆಯ ಕ್ಲಾಸಿನ ಕೊಹಾರು ಮಾತ್ರ ಕುಂಟೆಯನ್ನು ನೆಲಕ್ಕೆ ಕುಕ್ಕಿ, "ನಾನ್ ಶಾಲೆ ಬಿಡೋ ತನಕ ಚಾಪೇನೇ ಮಡಚ್ಬೇಕಾ?" ಎಂದಳು. ಅವಳ ಅಮ್ಮ ಶ್ ಎಂದು ಬಾಯಿ ಮುಚ್ಚಿಸಿದಳು.

ಗ್ಲೆಂಡಾಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು, "ನಾನು ಓಡ್ತೀನಿ!" ಎಂದು ಕೂಗಿದಳು.

ಯಾರಿಗೂ ಕೇಳಿಸಲಿಲ್ಲ. ಹಾಲಿನ ಹಸು ಸಾಕಿರುವ ಫುಮಿಯೋ ಚಹಾ ಮುಗಿಸಿ ಆಗ ತಾನೇ ಆ ಬದಿಯಲ್ಲಿ ಮಷೀನು ಶುರುಮಾಡಿದ್ದ. ಶಿಯೋರಿ ಕೈಬೀಸಿ ನಿಲ್ಲಿಸು ಎಂದಳು. ಅವನು ನಿಲ್ಲಿಸಿದ ಹೊತ್ತಿಗೆ ಸರಿಯಾಗಿ ಗ್ಲೆಂಡಾ ಇನ್ನಷ್ಟು ಗಟ್ಟಿಯಾಗಿ ಎರಡನೆಯ ಸಲ ಕೂಗಿದ್ದಳು. ಕಣಿವೆಯ ಆ ಕಡೆಯ ಬೆಟ್ಟವೂ ಓಡ್ತೀನಿ ಎಂದು ಮಾರ್ದನಿಸಿತು.

"ಓಡ್ತೀನಿ ಅಂದೆ! ನನಗೆ ಆಸೆ ಇದೆ! ಮಂಗಳವಾರದಿಂದ ನಿದ್ದೆ ಮಾಡಿಲ್ಲ ನಾನು. ತೊಕುಜಿಯವರೇ, ಮೂರನೇ ಸಲ ಯಾಕೆ ಕೇಳ್ಲಿಲ್ಲ ನೀವು? ಎರಡು ಸಲ ಬೇಡ ಅನ್ನೋದು ನಿಮ್ಮ ಪದ್ಧತಿ ತಾನೆ? ನಾನು ಸರಿಯಾಗೇ ಅಂದೆ. ತಪ್ಪಿದ್ದು ನೀವು!"

ಕೇರಿಯ ಮುಖಂಡರನ್ನು ಎಲ್ಲರೆದುರು, ಅದೂ ಮಟ್ಟಸವಾದ ಜಪಾನೀ ಭಾಷೆಯಲ್ಲಿ, ಹೀಗೆ ಗದರಿದವರು ಕಾಮಿನೋಸಾವಾದಲ್ಲಿ ಹಿಂದೆ ಇರಲಿಲ್ಲ. ತೊಕುಜಿಯವರು ಟೋಪಿ ತೆಗೆದರು. ಹಣೆಯಲ್ಲಿ ಬೆವರು.

"ಅಲ್ಲ... ವಿದೇಶದವರು ಬೇಡ ಅಂದ್ರೆ... ಹಾಳೆಯಲ್ಲಿ..."

"ಆ ಹಾಳೆ ಬರೆದೋರು ನನ್ನನ್ನ ಕೇಳಿ ಬರೆದ್ರಾ?"

ಮೊದಲು ನಕ್ಕವನು ಫುಮಿಯೋ. ಮಷೀನು ಹೊತ್ತುಕೊಂಡೇ ನಕ್ಕು, ಕಾಲು ಜಾರಿ, ಕಾಲುವೆಯಲ್ಲಿ ಕುಕ್ಕರಿಸಿದ. ಆಮೇಲೆ ಏರಿಗೆ ಏರಿಯೇ ನಕ್ಕಿತು. ಮಿತ್ಸುಯೋ ಅಜ್ಜಿಯಂತೂ ಸೆರಗಿಲ್ಲದ್ದಕ್ಕೆ ತಲೆಯ ಟವೆಲನ್ನೇ ಬಾಯಿಗೆ ತುರುಕಿಕೊಂಡಳು. ತೊಕುಜಿಯವರು ಮಾತ್ರ ನಗಲಿಲ್ಲ. ಒದ್ದೆ ಹುಲ್ಲಿನ ಮೇಲೆ ಎರಡೂ ಮಂಡಿಯೂರಿ, ಹಣೆ ನೆಲ ಮುಟ್ಟುವಷ್ಟು ಬಗ್ಗಿ, "ಮೂವತ್ತರ ಜಾಗಕ್ಕೆ ದಯವಿಟ್ಟು ಓಡಿಕೊಡಿ" ಎಂದರು.

"ಅಯ್ಯಯ್ಯೋ, ನನ್ನಂಥ..." ಎಂದು ಶುರುಮಾಡಿದ ಗ್ಲೆಂಡಾ ನಾಲಿಗೆ ಕಚ್ಚಿಕೊಂಡು, "ಹೂಂ! ಹೂಂ!" ಎಂದಳು.

ಸೋಮವಾರ ಏಳೂವರೆಗೆ ತೊಕುಜಿಯವರು ಕೋಟು ತೊಟ್ಟು ಟೈ ಕಟ್ಟಿಕೊಂಡು ಶಾಲೆಯ ಉಪಮುಖ್ಯೋಪಾಧ್ಯಾಯರ ಮುಂದೆ ಹಾಜರು. ಕೈಯಲ್ಲಿ ಹೊಸ ಪಟ್ಟಿ. ಉಪಮುಖ್ಯೋಪಾಧ್ಯಾಯರು ಪಟ್ಟಿ ನೋಡಿ, ಗ್ಲೆಂಡಾಳ ಮುಖ ನೋಡಿ, ಅವಳ ಪಾಲಿನ ಕೆಲಸವಾದ ಬಯಲಿನ ಸುಣ್ಣದ ಗೆರೆಯನ್ನು ರಿಲೇಯ ಹೊತ್ತಿಗೆ ತಾನೇ ಎಳೆಯುತ್ತೇನೆಂದರು. ಗ್ಲೆಂಡಾ ಹಾಡುತ್ತ ಟೈಪ್ ಮಾಡಿದಳು.

ಅಲ್ಲಿಂದ ನಾಲ್ಕು ವಾರ ಕಾಮಿನೋಸಾವಾಕ್ಕೆ ಹುಚ್ಚು ಹಿಡಿದಿತ್ತು. ಬೆಳಗಿನ ಐದೂವರೆಗೆ ಗದ್ದೆಯ ನಡುವಿನ ಟ್ರ್ಯಾಕ್ಟರ್ ದಾರಿಯಲ್ಲಿ ಏಳು ಜನರ ಓಟ. ಭತ್ತ ಹಣ್ಣಾಗುತ್ತಿತ್ತು. ತೊಕುಜಿಯವರು ದೇವದಾರಿನ ಒಂದು ತುಂಡನ್ನು ನಯವಾಗಿ ಕೆತ್ತಿ ಬ್ಯಾಟನ್ ಮಾಡಿಕೊಟ್ಟರು. ಅಂಚೆ ಕಚೇರಿಯ ಕಾಜುಕೋ, ಐವತ್ತಮೂರರವಳು, ಮೂರನೆಯ ದಿನವೇ ಸೊಂಟ ಹಿಡಿದುಕೊಂಡು, "ನಾನು ಸತ್ರೆ ಆ ಬ್ಯಾಟನ್ನನ್ನೂ ನನ್ ಜೊತೆ ಸುಟ್ಬಿಡಿ" ಎಂದಳು. ಆದರೂ ನಾಲ್ಕನೆಯ ದಿನ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಗ್ಲೆಂಡಾಳ ಮೂಲಂಗಿ ಕಾಲುಗಳು ಮೊದಲ ವಾರ ಎರಡು ಮರದ ದಿಮ್ಮಿಗಳಾದವು. ಮೂರನೆಯ ವಾರದ ಹೊತ್ತಿಗೆ ಹಳೆಯ ನೆನಪು ಬಂದಂತೆ ತಾವಾಗಿಯೇ ಏಳತೊಡಗಿದವು. ಶಾಲೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಟೀಚರನ್ನು ನೋಡಿ ಮಕ್ಕಳು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಕ್ರೀಡಾಕೂಟದ ದಿನ ಆಕಾಶ ತೊಳೆದಿಟ್ಟಂತಿತ್ತು. ಮಧ್ಯಾಹ್ನ ಎರಡೂವರೆಗೆ ಆರನೆಯ ಕ್ಲಾಸಿನ ಹುಡುಗಿಯೊಬ್ಬಳು ಮೈಕಿನಲ್ಲಿ ಓದಿದಳು:

"ಮುಂದಿನದು ವಯಸ್ಸಿನ ರಿಲೇ. ಹಾಶಿಬಾ. ಇವಾದಾತೆ. ಶಿಮೋನೋಸಾವಾ. ಕಾಮಿನೋಸಾವಾ."

ಬಯಲೆಲ್ಲ ಓಹೋ ಎಂಬ ಕೂಗು. ಕಾಮಿನೋಸಾವಾದ ಶಾಮಿಯಾನದಲ್ಲಿ ಯಾವಳೋ ಅಭ್ಯಾಸಬಲದಿಂದ ಚಾಪೆಗೆ ಕೈಹಾಕಿದಳು. ಮಿತ್ಸುಯೋ ಅಜ್ಜಿ ಆ ಕೈಗೆ ಪಟಾರನೆ ಹೊಡೆದಳು.

ಪಿಸ್ತೂಲು ಹಾರಿತು. ಕೊಹಾರು ಜಿಂಕೆಯಂತೆ ನೆಗೆದು ಎರಡನೆಯವಳಾಗಿ ಬಂದು ಬ್ಯಾಟನ್ ಕೊಟ್ಟಳು. ಮಿಡ್ಲ್‌ಸ್ಕೂಲಿನ ಹುಡುಗ ತಿರುವಿನಲ್ಲಿ ಜಾರಿ, ಎದ್ದು, ಕೊನೆಯವನಾದ. ಶಿಯೋರಿ ಹಲ್ಲುಕಚ್ಚಿ ಓಡಿ ಶಿಮೋನೋಸಾವಾದವನ ಬೆನ್ನು ಹಿಡಿದಳು. ಗ್ಲೆಂಡಾ ಗೆರೆಯ ಮೇಲೆ ನಿಂತಿದ್ದಳು. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಅಂಗೈಗೆ ಆ ದೇವದಾರು ತುಂಡು ತಾಗಿತು.

ಓಡಿದಳು! ಮೊದಲ ಹತ್ತು ಹೆಜ್ಜೆಯಲ್ಲೇ ಶಿಮೋನೋಸಾವಾದವನು ಹಿಂದೆ ಬಿದ್ದ. ತಿರುವಿನಲ್ಲಿ ಇವಾದಾತೆಯವಳ ಪಕ್ಕಕ್ಕೆ ಬಂದಳು. ಆಗ ಇಡೀ ಶಾಲೆಯ ಮೂವತ್ತೊಂದು ಮಕ್ಕಳು, ಯಾವ ಕೇರಿಯವರು ಎಂಬುದನ್ನೆಲ್ಲ ಮರೆತು, "ಗ್ಲೆಂಡಾ ಸೆನ್ಸೇ! ಗ್ಲೆಂಡಾ ಸೆನ್ಸೇ!" ಎಂದು ಕೂಗತೊಡಗಿದರು. ಹಾಶಿಬಾದ ಶಾಮಿಯಾನದಿಂದ ಒಬ್ಬ ಅಪ್ಪ ಮಗನನ್ನು ಹಿಡಿದು ಜಗ್ಗಿ, "ಏಯ್, ಯಾವ ಕೇರಿ ಅನ್ನ ತಿಂತೀಯೋ ನೀನು!" ಎಂದು ಗದರಿದ. ಮಗ ಅಪ್ಪನ ಕೈ ಕೊಡವಿ ಇನ್ನೂ ಜೋರಾಗಿ ಕೂಗಿದ. ಗ್ಲೆಂಡಾ ಇವಾದಾತೆಯವಳನ್ನು ದಾಟಿದಳು. ಮುಂದೆ ಹಾಶಿಬಾದ ಪೋಲೀಸು, ಮೂವತ್ತೊಂದು ವರ್ಷದ ದಾಂಡಿಗ. ಅವನ ಬೆನ್ನಿಗೂ ಇವಳ ಕೈಗೂ ಎರಡು ಮಾರು ಇದ್ದಾಗ ಇವಳ ಬಾಯಿಂದ ಒಂದು ಕೂಗು ಹೊರಟಿತು. ಅದು ಜಪಾನಿಯೂ ಅಲ್ಲ, ಇಂಗ್ಲಿಷೂ ಅಲ್ಲ, ಅಮ್ಮ ಮೀನಿನ ಚಪ್ಪರದಿಂದ ಕೂಗುತ್ತಿದ್ದ ಭಾಷೆ. ಪೋಲೀಸು ಬೆಚ್ಚಿ ತಿರುಗಿ ನೋಡಿದ. ತಿರುಗಿದ್ದೇ ಕೆಟ್ಟಿತು ಅವನಿಗೆ. ಫುಮಿಯೋನ ಕೈಗೆ ಬ್ಯಾಟನ್ ಮೊದಲನೆಯದಾಗಿ ಬಿತ್ತು.

ಒಂಬತ್ತು ವರ್ಷ ಚಾಪೆ ಮಡಚಿದ ಕೇರಿ ಆಗ ಹಾಕಿದ ಬೊಬ್ಬೆಗೆ ಶಾಲೆಯ ಮಾಡಿನ ಮೇಲಿದ್ದ ಕಾಗೆಗಳೆಲ್ಲ ಎದ್ದವು.

ಫುಮಿಯೋ ಹಸುವಿನ ಹಿಂದೆ ಓಡಿ ಪಳಗಿದವನು, ಮುನ್ನಡೆ ಬಿಡಲಿಲ್ಲ. ಕಾಜುಕೋ ಸೊಂಟ ಹಿಡಿದುಕೊಂಡೇ ಓಡಿ ಎರಡನೆಯ ಸ್ಥಾನದಲ್ಲಿ ತಂದು ಮುಟ್ಟಿಸಿದಳು. ಕೊನೆಯ ಓಟ ತೊಕುಜಿಯವರದು. ಉಳಿದ ಮೂರು ಕೇರಿಯವರು ನಿನ್ನೆ ಮೊನ್ನೆ ಅರವತ್ತಾದವರನ್ನು ನಿಲ್ಲಿಸಿದ್ದರು, ಇವರಿಗೆ ಎಪ್ಪತ್ತೆರಡು. ಬೆನ್ನು ನೆಟ್ಟಗೆ, ಮೊಣಕಾಲು ಮೇಲಕ್ಕೆ, ಮೆರವಣಿಗೆಯಲ್ಲಿ ಹೋಗುವವರಂತೆ ಓಡಿದರು. ಇವಾದಾತೆಯವನು ದಾಟಿದ. ಹಿಂದಿನಿಂದ ಶಿಮೋನೋಸಾವಾದವನು ಏದುಸಿರು ಬಿಡುತ್ತ ಬಂದ. ಆಗ ಶಾಮಿಯಾನದ ಹಗ್ಗ ಹಿಡಿದು ನಿಂತಿದ್ದ ಮಿತ್ಸುಯೋ ಅಜ್ಜಿ ತಡೆಯಲಾರದೆ ಕಿರುಚಿದಳು:

"ಓಡೋ ತೊಕುಜೀ! ನನ್ ಮರ ಕಡಿಯೋಕಿದ್ದ ಕಸುವು ಎಲ್ಲಿ ಹೋಯ್ತೋ!"

ಹನ್ನೊಂದು ವರ್ಷದ ಮೇಲೆ ಅಜ್ಜಿ ಅವರಿಗೆ ಆಡಿದ ಮೊದಲ ಮಾತು ಅದು. ತೊಕುಜಿಯವರಿಗೆ ಎಲ್ಲಿಂದ ಬಂತೋ ಕಸುವು, ಕಣ್ಣು ಮುಚ್ಚಿ ನುಗ್ಗಿ, ಒಂದು ಗೇಣಿನಿಂದ ಮೂರನೆಯವರಾಗಿ ಗೆರೆ ದಾಟಿ, ಹಾಗೇ ಉಪಮುಖ್ಯೋಪಾಧ್ಯಾಯರ ಸುಣ್ಣದ ಡಬ್ಬಿಯ ಮೇಲೆ ಬಿದ್ದರು. ಗೆದ್ದ ಹಾಶಿಬಾದವರು ಶಿಸ್ತಾಗಿ ಚಪ್ಪಾಳೆ ತಟ್ಟಿದರು. ಮೂರನೆಯವರಾದ ಕಾಮಿನೋಸಾವಾದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಗ್ಲೆಂಡಾ ನಗುತ್ತಿದ್ದಳು, ಅದರ ಜೊತೆಗೇ ಕೆಮ್ಮುತ್ತಿದ್ದಳು. ಇಷ್ಟು ಖುಷಿ ಅವಳಿಗೆ ಆಂಟೀಕೆಯ ಮರಳಿನಲ್ಲೂ ಆಗಿರಲಿಲ್ಲ.

ನಾಲ್ಕು ಗಂಟೆಗೆಲ್ಲ ಹೊಳೆದಂಡೆಯ ಮೇಲೆ ಕಲ್ಲು ಹೂಡಿ, ದೊಡ್ಡ ಕೊಳದಪ್ಪಲೆ ಏರಿಸಿ, ಕೆಸವಿನ ಗೆಡ್ಡೆಯ ಸಾರು ಕುದಿಸಿದರು. ಸಾಕೆ ಎಂಬ ಅಕ್ಕಿ ಮದ್ಯದ ಬಾಟಲಿಗಳು ಹೊಳೆಯ ನೀರಿನಲ್ಲಿ ತಣ್ಣಗಾಗುತ್ತಿದ್ದವು. ಫುಮಿಯೋ ಆ ಪೋಲೀಸು ತಿರುಗಿ ನೋಡಿದ ಬಗೆಯನ್ನು ಏಳನೆಯ ಸಲ ನಟಿಸಿ ತೋರಿಸುತ್ತಿದ್ದ. ತೊಕುಜಿಯವರು ಮಾತ್ರ ಕನ್ನಡಕ ಏರಿಸಿ, ಹಲಗೆಯ ಮೇಲೆ ಹಾಳೆಯಿಟ್ಟುಕೊಂಡು ಏನೋ ಬರೆಯುತ್ತ ಕೂತಿದ್ದರು. ಮೂಗಿನ ತುದಿಯಲ್ಲಿ ಇನ್ನೂ ಸುಣ್ಣ.

"ಮುಂದಿನ ವರ್ಷದ್ದು ಈಗ್ಲೇ ಬರೆದುಬಿಡೋಣ," ಎಂದರು. "ಶಿಯೋರಿಗೆ ಮೂವತ್ತಾಗತ್ತೆ, ಮೂವತ್ತರ ಜಾಗ ಅವಳದು. ಅವಳ ತಂಗಿ ನರ್ಸಿಂಗ್ ಮುಗಿಸಿ ಮಾರ್ಚಿಗೆ ಮನೆಗೆ ಬರ್ತಾಳಲ್ಲ, ಇಪ್ಪತ್ತಕ್ಕೆ ಅವಳು. ಫುಮಿಯೋಗೆ ಐವತ್ತು."

"ಹಾಗಾದ್ರೆ ನಾನು ಬಚಾವ್!" ಎಂದಳು ಕಾಜುಕೋ.

"ನಲವತ್ತಕ್ಕೆ ಗ್ಲೆಂಡಾ." ಪೆನ್ನು ನಿಲ್ಲಲಿಲ್ಲ. "ಹತ್ತು ವರ್ಷ ಆದ್ಮೇಲೆ ಐವತ್ತಕ್ಕೂ ಗ್ಲೆಂಡಾ. ಇನ್ನೂ ಹತ್ತು ವರ್ಷಕ್ಕೆ ನನಗೆ ತೊಂಬತ್ತಮೂರು ಆಗತ್ತೆ, ಆಗ ಕೊನೇ ಓಟ ನಿನಗೆ ಬಿಟ್ಟುಕೊಡ್ತೀನಿ. ಅದಕ್ಕೂ ಮುಂಚೆ ಕೇಳ್ಬೇಡ." ಹಾಳೆ ಮಗುಚಿದರು. "ಕಾಲುವೆ ಪಾಳಿ, ಗ್ಲೆಂಡಾ ಮತ್ತೆ ಫುಮಿಯೋ. ಜನವರಿಗೆ ಹಿಮ ತೆಗೆಯೋ ಪಾಳಿ, ಗ್ಲೆಂಡಾ ಮತ್ತೆ ಶಿಯೋರಿ. ಬೆಂಕಿ ಕಾವಲು, ಡಿಸೆಂಬರ್ ಎರಡನೇ ವಾರ, ಗ್ಲೆಂಡಾ."

ಗ್ಲೆಂಡಾ ಸಾರಿನ ಬಟ್ಟಲು ಕೆಳಗಿಟ್ಟಳು. ಸೆನ್ಸೇ ಎಂಬುದು ಎಲ್ಲಿ ಬಿದ್ದುಹೋಯಿತು, ನೀವು ಎಂಬುದು ಯಾವಾಗ ನೀನಾಯಿತು, ಅವಳಿಗೆ ಗೊತ್ತಾಗಲಿಲ್ಲ. ಸಿಟ್ಟು ಬಂದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇಪ್ಪತ್ತು ವರ್ಷದ ಕೆಲಸ ಬರೆದುಬಿಟ್ರಲ್ಲ, ನನ್ನ ಒಂದು ಮಾತು ಕೇಳ್ಬೇಡ್ವಾ?" ಎಂದಳು.

ತೊಕುಜಿಯವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಅವಳು ಏನು ಕೇಳುತ್ತಿದ್ದಾಳೆಂದೇ ಅವರಿಗೆ ನಿಜವಾಗಿ ತಿಳಿದಂತೆ ಕಾಣಲಿಲ್ಲ.

"ನಿನ್ನನ್ನಾ? ಯಾಕೆ? ಫುಮಿಯೋನ ಕೇಳಿದ್ನಾ? ಶಿಯೋರೀನ ಕೇಳಿದ್ನಾ? ಕೇರಿಯವರನ್ನ ಯಾರಾದ್ರೂ ಕೇಳ್ತಾರೇನು?"

ಗ್ಲೆಂಡಾ ಅಲ್ಲೇ ಹೊಳೆಗಲ್ಲಿನ ಮೇಲೆ ಕೂತು ಗಳಗಳನೆ ಅತ್ತುಬಿಟ್ಟಳು. ಯಾರೂ ಸಮಾಧಾನ ಮಾಡಲಿಲ್ಲ; ಶಿಯೋರಿ ಅವಳ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು, ಫುಮಿಯೋ ಎಂಟನೆಯ ಸಲ ಪೋಲೀಸಾದ. ತೊಕುಜಿಯವರು ಹಾಳೆಯನ್ನು ಅವಳ ಕಡೆ ತಿರುಗಿಸಿ, ಬರುವ ಭಾನುವಾರದ ಕಾಲುವೆ ಪಾಳಿಯ ಸಾಲನ್ನು ಬೆರಳಿನಿಂದ ತೋರಿಸಿ, "ಆರು ಗಂಟೆ ಅಂದ್ರೆ ಆರು ಗಂಟೆ, ತಡ ಮಾಡ್ಬೇಡ" ಎಂದರು.